ಐದರ ತಲೆಯ ಮೇಲಿನ ಕೊಂಕು

ಬೆಳಗಿನ ಐದೂಮುಕ್ಕಾಲು. ತಿತಿ ಕಾಯು ರೈಲು ನಿಲ್ದಾಣದ ಪ್ಲಾಟ್‌ಫಾರಂ ರಾತ್ರಿಯ ಮಳೆಗೆ ಇನ್ನೂ ಒದ್ದೆಯಾಗಿದೆ. ಅರವತ್ತರ ಹತ್ತಿರದ ಹೆಂಗಸು ಕಾಕ್ ಸೋ ಸೈಕಲ್ ನಿಲ್ಲಿಸಿ, ಹಿಂದೆ ಕಟ್ಟಿಕೊಂಡು ಬಂದ ಹಲಗೆಯನ್ನು ಬಿಚ್ಚಿ ಎರಡು ದೊಡ್ಡ ಬಿಸ್ಕತ್ತಿನ ಡಬ್ಬಗಳ ಮೇಲೆ ಇಡುತ್ತಾರೆ. ಅಲುಗಾಡುತ್ತದೆಯೇ ಎಂದು ಅಂಗೈಯಲ್ಲಿ ಒತ್ತಿ ನೋಡುತ್ತಾರೆ. ಅಲುಗಾಡುತ್ತದೆ. ಒಂದು ರಟ್ಟಿನ ಚೂರು ಮಡಚಿ ಡಬ್ಬದ ಕೆಳಗೆ ತುರುಕುತ್ತಾರೆ. ಆಮೇಲೆ ಚೀಲದಿಂದ ಒಂದೊಂದೇ ಸಾಮಾನು ಹೊರಗೆ ಬರುತ್ತದೆ. ದಾರ ಕಟ್ಟಿದ ನಾಲ್ಕು ಪೆನ್ನು, ಹಿಡಿ ಮುರಿದ ಭೂತಗನ್ನಡಿ, ಒಂದು ಗೋಡೆ ಕ್ಯಾಲೆಂಡರು, ಖಾಲಿ ಚೀಟಿಗಳ ಕಟ್ಟು. ಹಲಗೆಯ ಹಿಂದೆ ಅವರಿಗೊಂದು ಸ್ಟೂಲು, ಮುಂದೆ ಬಂದವರಿಗೊಂದು. ಇಷ್ಟಾದರೆ ಕಚೇರಿ ತೆರೆದ ಹಾಗೆ.

ಗಡಿ ದಾಟುವವರು ತುಂಬಿ ಕೊಡಬೇಕಾದ ಚೀಟಿಯನ್ನು ಬರೆದುಕೊಡುವುದು ಕಾಕ್ ಸೋ ಅವರ ಕೆಲಸ. ನಿಲ್ದಾಣದಿಂದ ಮುನ್ನೂರು ಹೆಜ್ಜೆ ನಡೆದರೆ ಹೊಳೆ, ಹೊಳೆಯ ಮೇಲೆ ರೈಲಿನ ಸೇತುವೆ. ಸೇತುವೆಯ ಆ ತುದಿ ಮಲೇಷಿಯಾ, ಈ ತುದಿ ಥಾಯ್ಲೆಂಡ್. ಊರಿನವರು ಯಾರೂ ಆ ಹೆಸರುಗಳನ್ನು ಬಾಯಿಗೆ ತರುವುದಿಲ್ಲ. ಆಚೆ, ಈಚೆ ಅಂದರೆ ಮುಗಿಯಿತು. ಆಚೆ ಹೋಗುವವರಲ್ಲಿ ಮುಕ್ಕಾಲು ಪಾಲು ಜನ ತಂಗಿಯ ಮನೆಗೋ, ಮಗಳ ಬಾಣಂತನಕ್ಕೋ ಹೊರಟವರು. ಆದರೂ ಹೆಸರೇನು, ಹುಟ್ಟಿದ್ದು ಯಾವಾಗ, ಹೋಗುವುದು ಎಲ್ಲಿಗೆ, ಯಾಕೆ ಎಂಬುದನ್ನೆಲ್ಲ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಕಿಟಕಿಯಲ್ಲಿ ಕೊಟ್ಟು ಮುದ್ರೆ ಹಾಕಿಸಿಕೊಳ್ಳದೆ ರೈಲು ಹತ್ತುವ ಹಾಗಿಲ್ಲ. ರೈಲು ಇರುವುದು ದಿನಕ್ಕೆ ಎರಡೇ. ಬೆಳಗ್ಗೆ ಏಳೂ ಇಪ್ಪತ್ತಕ್ಕೆ ಒಂದು, ಮಧ್ಯಾಹ್ನ ಮೂರೂ ನಲವತ್ತಕ್ಕೆ ಇನ್ನೊಂದು.

ಇವತ್ತು ಕಾಕ್ ಸೋ ಬರುವ ಮೊದಲೇ ಒಬ್ಬರು ಬಂದು ಕೂತಿದ್ದಾರೆ. ಎದುರಿನ ಬೆಂಚಿನ ತುದಿಯಲ್ಲಿ, ಗರಿ ಮುರಿಯದ ಹೊಸ ಲುಂಗಿ, ಕರಿಟೋಪಿ, ತೊಡೆಯ ಮೇಲೆ ಬಟ್ಟೆ ಮುಚ್ಚಿದ ಬುಟ್ಟಿ. ಎಪ್ಪತ್ತು ದಾಟಿದ ದೆರಾಮನ್. ರಬ್ಬರ್ ತೋಟದಲ್ಲಿ ಹಾಲು ಇಳಿಸುತ್ತಲೇ ಬೆನ್ನು ಬಾಗಿಸಿಕೊಂಡವರು. ಹನ್ನೊಂದು ವರ್ಷದಿಂದ ಈ ಹಲಗೆಯ ಮುಂದೆ ತಿಂಗಳಿಗೊಮ್ಮೆಯಾದರೂ ಹಾದು ಹೋಗುತ್ತಾರೆ. ಒಂದು ಸಲವೂ ಇತ್ತ ತಿರುಗಿಲ್ಲ, ಮುಖ ಕೊಟ್ಟು ಮಾತಾಡಿಲ್ಲ. ಕಾಕ್ ಸೋ ತಾವಾಗಿ ಸಲಾಂ ಹೇಳಿದರೆ ಜವಾಬು ಸಿಗುತ್ತದೆ, ಅದು ಧರ್ಮಕ್ಕೆ ಕಟ್ಟುಬಿದ್ದು ಕೊಟ್ಟ ಜವಾಬು. ಇವತ್ತು ಮಾತ್ರ ಅವರು ಎರಡು ಸಲ ಎದ್ದು, ಎರಡು ಸಲ ಕೂತಿದ್ದಾರೆ.

ಅವರು ಎಲ್ಲಿಗೆ ಹೊರಟಿದ್ದಾರೆಂದು ನಿಲ್ದಾಣಕ್ಕೆಲ್ಲ ಗೊತ್ತು. ಆಚೆ, ಎರಡು ಗಂಟೆ ದಾರಿಯ ಹಳ್ಳಿಯಲ್ಲಿ, ತೀರಿಹೋದ ತಮ್ಮನ ಮಗಳು ಹಸ್ನೀಯ ನಿಕಾಹ್. ಹುಡುಗಿಗೆ ಅಪ್ಪನಿಲ್ಲ, ಅಜ್ಜನಿಲ್ಲ, ಅಣ್ಣತಮ್ಮಂದಿರಿಲ್ಲ. ಹಾಗಾಗಿ ಅವಳ ನಿಕಾಹ್ ಮಾಡಿಕೊಡಬೇಕಾದವರು ದೊಡ್ಡಪ್ಪ. ಮದುಮಗನ ಕೈ ಹಿಡಿದು ಆ ಮಾತು ಹೇಳಬೇಕಾದವರು ಇವರೇ. ನಿಕಾಹ್ ಆಚೆಯ ಹನ್ನೊಂದು ಗಂಟೆಗೆ. ಆಚೆಯ ಗಡಿಯಾರ ಈಚೆಯದಕ್ಕಿಂತ ಒಂದು ಗಂಟೆ ಮುಂದೆ. ಏಳೂ ಇಪ್ಪತ್ತರ ರೈಲು ಹತ್ತಿದರೆ ಆಚೆಯ ಹತ್ತೂ ಇಪ್ಪತ್ತಕ್ಕೆ ಹಳ್ಳಿ ಸೇರಬಹುದು. ಅದು ತಪ್ಪಿದರೆ ಶೃಂಗಾರ ಮಾಡಿಕೊಂಡ ಹುಡುಗಿ ಕಾಯುತ್ತಾ ಕೂರಬೇಕು.

ನಿಲ್ದಾಣದ ಚಹಾದಂಗಡಿಯ ಬಂಗ್ ಲೀಗೆ ಈ ಏಳುವುದು ಕೂರುವುದೆಲ್ಲ ಕಾಣುತ್ತಿದೆ. ಹನ್ನೊಂದು ವರ್ಷದಿಂದ ದೆರಾಮನ್‌ರ ಚೀಟಿ ಬರೆಯುತ್ತಾ ಬಂದವನು ಅವನೇ. ಚಹಾ ಎತ್ತಿ ಸುರಿಯುವ ವೇಗದಲ್ಲೇ ಬರೆಯುತ್ತಾನೆ, ಅಷ್ಟೇ ಚೆಲ್ಲುತ್ತಾನೆ.

“ಪೊ, ಬನ್ನಿ ಈಕಡೆ, ಬರೆದು ಬಿಸಾಕ್ತೀನಿ,” ಎಂದು ಅವನು ಅಲ್ಲಿಂದಲೇ ಕೂಗುತ್ತಾನೆ. ದೊಡ್ಡವರನ್ನು ಇಲ್ಲಿ ಪೊ ಎಂದೇ ಕರೆಯುವುದು.

“ಹೋದ ತಿಂಗಳು ನೀನು ಬಿಸಾಕಿದ್ದು ಎರಡು ಸಲ ವಾಪಸ್ ಬಂತು.”

“ಮೂರನೇ ಸಲ ಪಾಸಾಯ್ತಲ್ಲ.”

“ಮೂರನೇ ಸಲಕ್ಕೆ ಕಾಯೋ ಹುಡುಗಿ ಅಲ್ಲ ಇವತ್ತು ಕೂತಿರೋದು,” ಎಂದು ದೆರಾಮನ್ ಬುಟ್ಟಿಯ ಬಟ್ಟೆ ಸರಿಪಡಿಸುತ್ತಾರೆ.

ಕಾಕ್ ಸೋ ತಲೆ ಎತ್ತುವುದಿಲ್ಲ. ಪೆನ್ನು ಒಂದೊಂದನ್ನೇ ರದ್ದಿ ಕಾಗದದ ಮೇಲೆ ಗೀಚಿ, ಬರೆಯುತ್ತದೆಯೇ ಎಂದು ಪರೀಕ್ಷೆ ಮಾಡುತ್ತಾರೆ. ನಾಲ್ಕೂ ಬರೆಯುತ್ತವೆ. ಆದರೂ ಇನ್ನೊಂದು ಸುತ್ತು ಗೀಚುತ್ತಾರೆ.

ಈ ಊರಿನಲ್ಲಿ ಯಾವುದಕ್ಕೂ ಒಂದೇ ಹೆಸರು ಅಂತಿಲ್ಲ. ನಿಲ್ದಾಣದ ಫಲಕದ ಮೇಲೆ ಥಾಯ್‌ನಲ್ಲಿ ಬಾನ್ ಸಫಾನ್ ಮಾಯ್ ಎಂದಿದೆ. ಮಲಯ್ ಮಾತಾಡುವ ಊರಿನವರಿಗೆ ಅದು ತಿತಿ ಕಾಯು. ಎರಡರ ಅರ್ಥವೂ ಮರದ ಸೇತುವೆ. ಸೇತುವೆ ಕಬ್ಬಿಣದ್ದಾಗಿ ತೊಂಬತ್ತು ವರ್ಷವಾಯಿತು, ಅದು ಬೇರೆ ಮಾತು. ಕಾಕ್ ಸೋಗೂ ಹಾಗೆಯೇ. ಅಪ್ಪ ಇಟ್ಟ ಹೆಸರು ನಫೀಸಾ. ಮನೆಯಲ್ಲಿ ಕರೆಯುತ್ತಾ ಕರೆಯುತ್ತಾ ಅದರ ಬಾಲದ ಸಾ ಮಾತ್ರ ಉಳಿದು, ಅದೂ ಊರಿನ ಬಾಯಲ್ಲಿ ಸೋ ಆಯಿತು, ವಯಸ್ಸಾದ ಮೇಲೆ ಅಕ್ಕ ಎಂಬ ಗೌರವಕ್ಕೆ ಕಾಕ್ ಸೇರಿಕೊಂಡಿತು. ಒಂದನೇ ತರಗತಿಯ ಮೇಷ್ಟರಿಗೆ ನಫೀಸಾ ಎಂದು ಬರೆಯಲು ಬೇಸರವಾಗಿ ವಿಮೊನ್ ಎಂದು ಬರೆದುಕೊಂಡರು, ಸರ್ಕಾರಿ ಕಾಗದದಲ್ಲಿ ಇವತ್ತಿಗೂ ಅದೇ. ಸ್ಟೇಷನ್ ಮಾಸ್ತರ್ ಪ್ರಸಿತ್ ಒಬ್ಬರೇ ಅವರನ್ನು ಪಾ ವಿಮೊನ್, ಅಂದರೆ ವಿಮೊನ್ ದೊಡ್ಡಮ್ಮ, ಎಂದು ಕರೆಯುವುದು. “ಅವರು ಕರೆದರೆ ಯಾರನ್ನೋ ಕರೀತಿದಾರೆ ಅಂದ್ಕೊಂಡು ಹಿಂದೆ ತಿರುಗಿ ನೋಡ್ತೀನಿ,” ಎನ್ನುತ್ತಾರೆ ಕಾಕ್ ಸೋ.

ಓದಿದ್ದು ನಾಲ್ಕನೇ ತರಗತಿ. ಹದಿನೇಳಕ್ಕೆ ಆಚೆ ಹೋಗಿ, ತೋಮ್ಯಾಮ್ ಎಂಬ ಹುಳಿಖಾರದ ಸಾರಿನ ಒಂದು ಹೋಟೆಲಿನಲ್ಲಿ ಒಂಬತ್ತು ವರ್ಷ ಪಾತ್ರೆ ತೊಳೆದು, ತರಕಾರಿ ಹೆಚ್ಚಿ, ಕೊನೆಗೆ ಗಿರಾಕಿ ಹೇಳಿದ್ದನ್ನು ಬರೆದುಕೊಳ್ಳುವ ಮಟ್ಟಕ್ಕೆ ಏರಿದರು. ಇಂಗ್ಲಿಷ್ ಅಕ್ಷರ ಕಲಿತದ್ದು ಆ ಹೋಟೆಲಿನ ತಿಂಡಿಪಟ್ಟಿಯಿಂದ. ಅಮ್ಮನಿಗೆ ಪಾರ್ಶ್ವವಾಯು ಬಡಿದಾಗ ಈಚೆ ಬಂದರು, ಮತ್ತೆ ಹೋಗಲಿಲ್ಲ. ಈ ಪ್ಲಾಟ್‌ಫಾರಂ ಮೇಲೆ ಬಾಳೆಎಲೆಯಲ್ಲಿ ಕಟ್ಟಿದ, ಸೊಪ್ಪು ಬೆರೆಸಿದ ನಾಸಿ ಕೆರಾಬು ಅನ್ನ ಮಾರಲು ಕೂತರು. ಒಂದು ದಿನ ಅನ್ನ ಕೊಂಡ ಮುದುಕಿಯೊಬ್ಬರು ಚೀಟಿ ಹಿಡಿದು ಅಳುವುದನ್ನು ನೋಡಲಾರದೆ ತುಂಬಿಕೊಟ್ಟರು. ಮರುದಿನ ಇಬ್ಬರು ಬಂದರು. ತಿಂಗಳು ತುಂಬುವ ಹೊತ್ತಿಗೆ ಅನ್ನದ ಬುಟ್ಟಿ ಹಿಂದೆ ಸರಿದು ಹಲಗೆ ಮುಂದೆ ಬಂತು. ಇದಾಗಿ ಮೂವತ್ತೊಂದು ವರ್ಷ.

ಮಾಮೂಲಿ ದಿನ ನಲವತ್ತು, ಐವತ್ತು ಚೀಟಿ. ರಂಜಾನಿನ ಕೊನೆಯ ವಾರ ಇನ್ನೂರು ದಾಟುತ್ತದೆ, ಆಗ ಬೆರಳಿಗೆ ಬಟ್ಟೆ ಸುತ್ತಿಕೊಂಡು ಬರೆಯುತ್ತಾರೆ. ಒಂದಕ್ಕೆ ಈಚೆಯ ದುಡ್ಡಿನಲ್ಲಿ ಹತ್ತು ಬಾತ್. ಸಾವಿನ ಮನೆಗೆ ಹೊರಟವರಿಂದ ಏನೂ ತೆಗೆದುಕೊಳ್ಳುವುದಿಲ್ಲ. ಪ್ರತಿವರ್ಷ ನವೆಂಬರ್ ಬಂತೆಂದರೆ ಹೊಳೆ ಹಳಿಯವರೆಗೆ ಏರುತ್ತದೆ, ಮೂರು ಸಲ ಹಲಗೆ ತೇಲಿ ಹೋಗಿದೆ, ಎರಡು ಸಲ ಸಿಕ್ಕಿದೆ. ಗಡಿಯೇ ಮುಚ್ಚಿಹೋದ ರೋಗದ ಕಾಲದಲ್ಲಿ ಎರಡು ವರ್ಷ ಚಾಪೆ ಹೆಣೆದು ಹೊಟ್ಟೆ ಹೊರೆದರು. ಆಮೇಲೆ ಪ್ಲಾಟ್‌ಫಾರಂ ಮೇಲಿನ ವ್ಯಾಪಾರಿಗಳನ್ನೆಲ್ಲ ಹೊರಗೆ ಕಳಿಸುವ ಮಾತು ಬಂದಾಗ ಪ್ರಸಿತ್ ಅಡ್ಡ ಬಂದರಂತೆ. “ಆಯಮ್ಮ ಕೂತಿದ್ದರೆ ಕಿಟಕಿಯ ಸಾಲು ಅರ್ಧ ಗಂಟೆಯಲ್ಲಿ ಕರಗುತ್ತೆ. ಎದ್ದು ಹೋದರೆ ರೈಲು ಹೊರಡಿಸೋಕೆ ನನ್ನ ಕೈಲಿ ಆಗಲ್ಲ,” ಎಂದು ಅವರು ಇವತ್ತೂ ಅದೇ ಮಾತು ಹೇಳುತ್ತಾರೆ.

ಆರೂಕಾಲಿಗೆ ಸಾಲು ಶುರುವಾಗುತ್ತದೆ. ಮೊದಲು ಬಂದ ದಪ್ಪನೆಯ ಮನುಷ್ಯನಿಗೆ ತನ್ನ ಹೆಸರೇ ನೆನಪಿಲ್ಲ. ಐವತ್ತು ವರ್ಷದಿಂದ ಊರೆಲ್ಲ ಗುಂಡ ಎಂದೇ ಕರೆದಿದೆ. “ಗಡಿಪಾಸಲ್ಲಿ ಏನಿದೆ ನೋಡಿ ಹೇಳಿ ಕಾಕ್, ನನಗೂ ಗೊತ್ತಾಗ್ಲಿ,” ಎನ್ನುತ್ತಾನೆ. ಪಾಸಿನಲ್ಲಿ ಅವನ ಹೆಸರು ಸುಂದರ ಎಂಬ ಅರ್ಥದ್ದು. ಸಾಲಿನಲ್ಲಿದ್ದವರು ನಕ್ಕು ನಕ್ಕು ಸುಸ್ತಾಗುತ್ತಾರೆ.

ಅವನ ಹಿಂದೆ ಎಲೆಅಡಿಕೆ ಬಾಯಿಯ ಅಜ್ಜಿ, ಇಂಥ ಅಜ್ಜಿಯರನ್ನು ಇಲ್ಲಿ ಮೆಕ್ ಎನ್ನುತ್ತಾರೆ. ಯಾಕೆ ಹೋಗುತ್ತಿದ್ದೀರಿ ಎಂಬ ಅಂಕಣ ಬಂದಾಗ ಕಾಕ್ ಸೋ ಪೆನ್ನು ಕೆಳಗಿಟ್ಟು ಬೆನ್ನು ನೇರ ಮಾಡಿಕೊಳ್ಳುತ್ತಾರೆ. ಇದಕ್ಕೆ ಸಮಯ ಹಿಡಿಯುತ್ತದೆಂದು ಅವರಿಗೆ ಗೊತ್ತು.

“ಎರಡನೇ ಮಗ ಇದಾನಲ್ಲ, ಅವನ ಹೆಂಡ್ತಿ ಒಲೆ ಹಚ್ಚಲ್ವಂತೆ. ದಿನಾ ಹೋಟ್ಲಿಂದ ತರಿಸೋದಂತೆ. ಅವಳೂ ಒಬ್ಬಳೇನಾ, ಅವಳ ಅಮ್ಮನೂ ಬಂದು ಕೂತಿದಾಳಂತೆ. ನಾನು ಹೋಗಿ ಎಂಟು ದಿನ ಇದ್ದು, ಬಾಯ್ತೆರೆದು ಒಂದು ಮಾತೂ ಅನ್ನದೆ, ಬರೀ ಅಡುಗೆ ಮಾಡಿ ತೋರಿಸಿ ಬರ್ತೀನಿ.”

ಕಾಕ್ ಸೋ ಎಲ್ಲ ಕೇಳಿಸಿಕೊಂಡು, ಚೀಟಿಯ ಒಂದು ಸಣ್ಣ ಚೌಕದಲ್ಲಿ ಗುರುತು ಹಾಕುತ್ತಾರೆ. “ಬಂಧುಗಳ ಭೇಟಿ.”

“ಅಷ್ಟೇನಾ ಬರೆದಿದ್ದು?”

“ಸೊಸೆ ವಿಷಯ ಬರೆಯೋಕೆ ಜಾಗ ಬಿಟ್ಟಿಲ್ಲ ಮೆಕ್. ಬಿಟ್ಟಿದ್ದರೆ ಈ ಸಾಲಿಗೆ ಒಂದು ಪುಸ್ತಕಾನೇ ಬೇಕಾಗ್ತಿತ್ತು.”

ಅವಳಾದ ಮೇಲೆ ಕಿವಿಗೆ ತಂತಿ ಸಿಕ್ಕಿಸಿಕೊಂಡ ಕಾಲೇಜಿನ ಹುಡುಗಿ. ಅವಳದು ಫೋನಿನಲ್ಲಿ ತುಂಬುವ ಬೇರೆ ನಮೂನೆ, ಚೀಟಿಯ ಹಂಗಿಲ್ಲ. ಆದರೂ ಬಂದು ನಿಲ್ಲುತ್ತಾಳೆ. “ಒಂದ್ಸಲ ಓದಿಬಿಡಿ ಕಾಕ್.” ಕಾಕ್ ಸೋ ಫೋನನ್ನು ತೋಳಿನಷ್ಟು ದೂರ ಹಿಡಿದು ಗಟ್ಟಿಯಾಗಿ ಓದುತ್ತಾರೆ, ಹುಟ್ಟಿದ ವರ್ಷ ಬಂದಾಗ ನಿಲ್ಲಿಸುತ್ತಾರೆ. ಈಚೆ ಎಣಿಸುವುದು ಬುದ್ಧನ ವರ್ಷ, ಆಚೆಯದು ಏಸುವಿನ ವರ್ಷ, ನಡುವೆ ಐನೂರ ನಲವತ್ತಮೂರರ ಅಂತರ. ಹುಡುಗಿ ಈಚೆಯದನ್ನೇ ಒತ್ತಿದ್ದಾಳೆ. “ಎರಡು ಸಾವಿರದ ಐನೂರ ನಲವತ್ತೈದು. ನೀನು ಹುಟ್ಟೋಕೆ ಇನ್ನೂ ಐನೂರು ಚಿಲ್ಲರೆ ವರ್ಷ ಇದೆ ಮಗಳೇ. ಇಷ್ಟು ಬೇಗ ಯಾಕೆ ಬಂದೆ?” ಹುಡುಗಿ ನಾಲಿಗೆ ಕಚ್ಚಿಕೊಂಡು ತಿದ್ದಿಕೊಳ್ಳುತ್ತಾಳೆ. ಫೋನಿನ ನಮೂನೆಗೆ ಕಾಕ್ ಸೋ ಕಾಸು ತೆಗೆದುಕೊಳ್ಳುವುದಿಲ್ಲ, ಬರೆದದ್ದು ತಾವಲ್ಲ ಎಂಬುದು ಅವರ ಲೆಕ್ಕ.

ಹೀಗೆ ಗಟ್ಟಿಯಾಗಿ ಓದಿ ಕೇಳಿಸುವುದು ಕಾಕ್ ಸೋ ಅವರ ಪದ್ಧತಿ. ಚೀಟಿ ಬರೆದ ಮೇಲೆ ತಲೆಯಿಂದ ಬುಡದವರೆಗೆ ಓದುತ್ತಾರೆ, ವರ್ಷವನ್ನು ಒಂದೊಂದೇ ಅಂಕಿ ಬಿಡಿಸಿ ಹೇಳುತ್ತಾರೆ, ಎದುರಿಗಿರುವವರು ಸರಿಯಾಗಿದೆ ಎಂದು ಬಾಯಿಬಿಟ್ಟು ಹೇಳುವವರೆಗೆ ಚೀಟಿಯನ್ನು ಕೈಬಿಡುವುದಿಲ್ಲ. ತಲೆ ಆಡಿಸಿದರೆ ಸಾಲದು. ಅವಸರದವರು ಗೊಣಗುತ್ತಾರೆ. ಗೊಣಗಿದರೆ ಇನ್ನೊಂದು ಸಲ ಓದುತ್ತಾರೆ. ಮೂವತ್ತೊಂದು ವರ್ಷದಲ್ಲಿ ಮೊದಲ ಇಪ್ಪತ್ತು ವರ್ಷ ಈ ಪದ್ಧತಿ ಇರಲಿಲ್ಲ. ಅದು ಶುರುವಾದದ್ದು ಹನ್ನೊಂದು ವರ್ಷದ ಹಿಂದೆ, ದೆರಾಮನ್‌ರ ಚೀಟಿಯಿಂದ.

ಆ ದಿನದ ಬಗ್ಗೆ ಕೇಳಿದರೆ ಕಾಕ್ ಸೋ ತಪ್ಪಿಸಿಕೊಳ್ಳುವುದಿಲ್ಲ. ಇನ್ನೂ ಕತ್ತಲಿರುವಾಗಲೇ ಆಚೆಯಿಂದ ಫೋನು ಬಂದಿತ್ತು, ದೆರಾಮನ್‌ರ ತಮ್ಮ ಸೂದಿನ್ ತೀರಿಹೋದ ಎಂದು. ಬೆಳಗಿನ ರೈಲಿಗೆ ಹೊರಟರೆ ಮಣ್ಣಿಗೆ ಸಿಗಬಹುದಿತ್ತು. ದೆರಾಮನ್ ಒದ್ದೆ ಕಣ್ಣಿನಲ್ಲಿ ಬಂದು ಗಡಿಪಾಸು ಮುಂದಿಟ್ಟರು. ಈ ಪಾಸು ಜಿಲ್ಲಾ ಕಚೇರಿಯಲ್ಲಿ ಕೈಯಲ್ಲಿ ಬರೆದುಕೊಡುವ ಪುಸ್ತಕ, ವರ್ಷ ಇರುವುದು ಥಾಯ್ ಅಂಕಿಗಳಲ್ಲಿ. ಥಾಯ್‌ನ ನಾಲ್ಕಕ್ಕೂ ಐದಕ್ಕೂ ಇರುವ ವ್ಯತ್ಯಾಸ ಐದರ ತಲೆಯ ಮೇಲಿನ ಒಂದು ಸಣ್ಣ ಕೊಂಕು, ಅಷ್ಟೇ. ಕನ್ನಡದ ೬ ಮತ್ತು ೯ ಅವಸರದ ಕೈಯಲ್ಲಿ ಒಂದೇ ಥರ ಕಾಣುತ್ತವಲ್ಲ, ಅದಕ್ಕಿಂತ ಕಷ್ಟ. ಬರೆದ ಗುಮಾಸ್ತನ ಪೆನ್ನು ತುಸು ಜಾರಿತ್ತು. ಎರಡು ಸಾವಿರದ ನಾನೂರ ತೊಂಬತ್ತನಾಲ್ಕನ್ನು ಕಾಕ್ ಸೋ ತೊಂಬತ್ತೈದು ಎಂದು ಓದಿದರು. ಐನೂರ ನಲವತ್ತಮೂರು ಕಳೆದು, ಸಾವಿರದ ಒಂಬೈನೂರ ಐವತ್ತೊಂದು ಎಂದು ಬರೆಯಬೇಕಾದಲ್ಲಿ ಐವತ್ತೆರಡು ಎಂದು ಬರೆದರು.

“ಅವರು ಅಳ್ತಿದ್ರು, ನಾನು ಸಮಾಧಾನ ಹೇಳ್ತಾ ಬರೆದೆ,” ಎನ್ನುತ್ತಾರೆ. “ಬರೆಯೋಳು ಬರೀಬೇಕು. ಸಮಾಧಾನ ಆಮೇಲೆ ಹೇಳಬಹುದಿತ್ತು.”

ಕಿಟಕಿಯಲ್ಲಿ ಚೀಟಿಗೂ ಕಡತಕ್ಕೂ ತಾಳೆಯಾಗಲಿಲ್ಲ. ಬೇರೆ ಬರೆಸಿಕೊಂಡು ಬನ್ನಿ ಎಂದರು, ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಮತ್ತೆ ಬರೆಸಿ, ಮತ್ತೆ ಸಾಲಿನ ಕೊನೆಗೆ ನಿಂತು ಕಿಟಕಿ ಮುಟ್ಟುವಷ್ಟರಲ್ಲಿ ರೈಲು ಸೇತುವೆಯ ಮೇಲಿತ್ತು. ಆಚೆಯವರು ಇಳಿಹೊತ್ತಿನ ಅಸರ್ ನಮಾಜಿನವರೆಗೆ ಕಾದರು. ಅದಕ್ಕಿಂತ ಹೆಚ್ಚು ಕಾಯಿಸುವಂತಿರಲಿಲ್ಲ. ದೆರಾಮನ್ ಮಧ್ಯಾಹ್ನದ ರೈಲಿನಲ್ಲಿ ಹೋಗಿ ಮುಟ್ಟಿದಾಗ ಸಂಜೆ, ಮಣ್ಣು ಇನ್ನೂ ಹಸಿಯಾಗಿತ್ತು.

“ರೈಲು ಹೋದ ಮೇಲೆ ಬಂದು ನನ್ನ ಮುಂದೆ ನಿಂತರು. ಬೈದಿದ್ರೆ ಎಷ್ಟೋ ಚೆನ್ನಾಗಿತ್ತು. ತಪ್ಪು ಬರೆದ ಚೀಟಿನ ಹಲಗೆ ಮೇಲಿಟ್ಟು, ಹೋಗಿ ಆ ಬೆಂಚಿನ ಮೇಲೆ ಕೂತರು. ಮೂರೂ ನಲವತ್ತರ ತನಕ ಅಲ್ಲೇ ಕೂತಿದ್ರು. ನಾನೂ ಎದ್ದು ಹೋಗ್ಲಿಲ್ಲ.” ಒಂದು ವಾರ ಬಿಟ್ಟು ಕಾಕ್ ಸೋ ಅವರ ಮನೆಗೆ ಹೋದರು. ಹೆಂಡತಿ ಚಹಾ ಕೊಟ್ಟರು, ದೆರಾಮನ್ ಒಳಗಿನಿಂದ ಬರಲಿಲ್ಲ. ಹಬ್ಬಹಬ್ಬಕ್ಕೆ ಕ್ಷಮೆ ಕೇಳುವ ರೂಢಿಯಿದೆ, ಹನ್ನೊಂದು ಹಬ್ಬವೂ ಬಾಗಿಲವರೆಗೆ ಹೋಗಿ ಬಂದಿದ್ದಾರೆ. ಈ ಕೆಲಸ ಬಿಟ್ಟುಬಿಡೋಣ ಎಂದು ಅನಿಸಲಿಲ್ಲವೇ ಎಂದರೆ, ಅನಿಸಿತ್ತು ಎನ್ನುತ್ತಾರೆ. “ಬಿಟ್ಟಿದ್ರೆ ಮುದುಕಮ್ಮಂದಿರೆಲ್ಲ ಬಂಗ್ ಲೀ ಹತ್ರ ಹೋಗ್ತಿದ್ರು. ಅದು ಇನ್ನೂ ದೊಡ್ಡ ಪಾಪ.”

ಆರೂಮುಕ್ಕಾಲು. ಸಾಲು ಕರಗುತ್ತಾ ಬಂದಿದೆ. ರೈಲು ಬಂದು ನಿಂತು ಉಸಿರು ಬಿಡುತ್ತಿದೆ, ಜನ ಮೂಟೆ, ಕೋಳಿ, ಮೀನಿನ ಗೊಜ್ಜಿನ ಬಾಟಲಿ ಹತ್ತಿಸುತ್ತಿದ್ದಾರೆ. ದೆರಾಮನ್ ಮೂರನೇ ಸಲ ಎದ್ದು ನಿಲ್ಲುತ್ತಾರೆ. ಬಂಗ್ ಲೀ ಸುರಿಯುತ್ತಿದ್ದ ಚಹಾವನ್ನು ಅರ್ಧಕ್ಕೆ ನಿಲ್ಲಿಸುತ್ತಾನೆ. ದೆರಾಮನ್ ಬುಟ್ಟಿಯನ್ನು ಎದೆಗವಚಿಕೊಂಡು ಹತ್ತು ಹೆಜ್ಜೆ ನಡೆದು ಬಂದು ಹಲಗೆಯ ಮುಂದಿನ ಸ್ಟೂಲಿನ ಮೇಲೆ ಕೂರುತ್ತಾರೆ. ಜೇಬಿನಿಂದ ಪಾಸು ತೆಗೆದು ಹಲಗೆಯ ಮೇಲಿಡುತ್ತಾರೆ.

“ಬರಿ,” ಎನ್ನುತ್ತಾರೆ.

ಕಾಕ್ ಸೋ ಪಾಸನ್ನು ತೆರೆಯುತ್ತಾರೆ. ಪುಸ್ತಕ ಹೊಸದು, ಗುಮಾಸ್ತನೂ ಹೊಸಬನೇ ಇರಬೇಕು, ಆದರೆ ಆ ಕೊನೆಯ ಅಂಕಿ ಮತ್ತೆ ಹಾಗೆಯೇ ಇದೆ. ಕೊಂಕು ಇದ್ದೂ ಇಲ್ಲದ ಹಾಗೆ. ಭೂತಗನ್ನಡಿಯಿಟ್ಟು ನೋಡುತ್ತಾರೆ, ಬೆಳಕಿಗೆ ಹಿಡಿದು ನೋಡುತ್ತಾರೆ, ಆಮೇಲೆ ಪಾಸನ್ನು ಮಗುಚಿ ಇಡುತ್ತಾರೆ.

“ಪೊ, ಯಾವ ವರ್ಷ ಹುಟ್ಟಿದ್ದು? ಬಾಯಲ್ಲಿ ಹೇಳಿ.”

“ಅದರಲ್ಲಿ ಇದೆಯಲ್ಲ.”

“ಅದು ಬೇಡ. ನೀವು ಹೇಳಿ.”

“ಮೊಲದ ವರ್ಷ.”

ಹನ್ನೆರಡು ಪ್ರಾಣಿಗಳ ಹೆಸರಲ್ಲಿ ವರ್ಷ ಎಣಿಸುವುದು ಹಳಬರಿಗೆ ಅಂಗೈಯ ಗೆರೆಯಷ್ಟು ಗೊತ್ತು. ಕಾಕ್ ಸೋ ಬೆರಳು ಮಡಚುತ್ತಾ ಹಿಂದೆ ಹೋಗುತ್ತಾರೆ. ತೊಂಬತ್ತನಾಲ್ಕು ಮೊಲ. ತೊಂಬತ್ತೈದು ನಾಗ.

“ನಾಗನ ವರ್ಷದವನು ಸೂದಿನ್,” ಎನ್ನುತ್ತಾರೆ ದೆರಾಮನ್. “ನೀನು ಅವತ್ತು ಬರೆದಿದ್ದು ಅವನ ವರ್ಷ.”

ಕಾಕ್ ಸೋ ಮಡಚಿದ ಬೆರಳುಗಳನ್ನು ಬಿಡಿಸಿ ಮತ್ತೆ ಎಣಿಸುತ್ತಾರೆ. ಹನ್ನೊಂದು ವರ್ಷದಲ್ಲಿ ಈ ಮಾತು ಅವರಿಗೆ ಹೊಳೆದಿರಲಿಲ್ಲ, ಯಾರೂ ಹೇಳಿಯೂ ಇರಲಿಲ್ಲ.

“ತಪ್ಪು ಯಾರಿಗಾದ್ರೂ ಆಗುತ್ತೆ. ಅದು ನನಗೂ ಗೊತ್ತು,” ಎಂದು ದೆರಾಮನ್ ತಗ್ಗಿದ ದನಿಯಲ್ಲಿ ಹೇಳುತ್ತಾರೆ. “ಆದ್ರೆ ಚೀಟಿ ತಿರುಗಿಸಿ ನೋಡ್ದಾಗ ಅವನ ವರ್ಷ ಇತ್ತು. ಅವನ ಚೀಟಿ ಬರೆದು ಅವನನ್ನ ಕಳಿಸಿ, ನನ್ನನ್ನ ಇಲ್ಲೇ ಬಿಟ್ಟೆ ಅನ್ನಿಸ್ತು. ಆಮೇಲೆ ನಿನ್ನ ಮುಖ ನೋಡೋಕೆ ಆಗ್ಲಿಲ್ಲ. ಎಸೆದುಬಿಟ್ಟೆಯಾ ಅದನ್ನ?”

“ಇಲ್ಲ ಪೊ. ಇಲ್ಲೇ ಡಬ್ಬದಲ್ಲಿದೆ.”

“ಇರಲಿ. ಎಸೀಬೇಡ.”

ಬಂಗ್ ಲೀ ಎರಡು ಲೋಟ ಚಹಾ ತಂದು ಹಲಗೆಯ ಅಂಚಿಗಿಟ್ಟು ಹೋಗುತ್ತಾನೆ. ಕಾಕ್ ಸೋ ತಲೆವಸ್ತ್ರದ ತುದಿಯಲ್ಲಿ ಮೂಗು ಒರೆಸಿಕೊಂಡು ಬರೆಯಲು ಶುರುಮಾಡುತ್ತಾರೆ. ಈ ಸಲ ಸಮಾಧಾನದ ಮಾತಿಲ್ಲ, ಬರೀ ಬರವಣಿಗೆ. ಯಾಕೆ ಹೋಗುವುದು ಎಂಬ ಅಂಕಣದಲ್ಲಿ ಗುರುತು ಹಾಕುವಾಗ ದೆರಾಮನ್ ಬಗ್ಗಿ ನೋಡುತ್ತಾರೆ.

“ಏನು ಹಾಕಿದೆ?”

“ಬಂಧುಗಳ ಭೇಟಿ.”

“ಮದುವೆ ಅಂತ ಬರೆಯೋಕೆ ಬರಲ್ವಾ?”

“ಅದಕ್ಕೆ ಚೌಕ ಇಲ್ಲ ಪೊ.”

“ಸರಿ. ಓದುವಾಗ ಸೇರಿಸಿ ಓದು.”

ಕಾಕ್ ಸೋ ಚೀಟಿಯನ್ನು ಎರಡು ಕೈಯಲ್ಲಿ ಹಿಡಿದು ಓದುತ್ತಾರೆ. ಹೆಸರು ದೆರಾಮನ್. ಹುಟ್ಟಿದ ವರ್ಷ ಒಂದು, ಒಂಬತ್ತು, ಐದು, ಒಂದು. ಇಳಿದುಕೊಳ್ಳುವ ಜಾಗ ತಮ್ಮನ ಮನೆ. ಹೋಗುತ್ತಿರುವುದು ಬಂಧುಗಳ ಭೇಟಿಗೆ, ಮಗಳ ನಿಕಾಹ್ ಮಾಡಿಕೊಡುವುದಕ್ಕೆ. ಸಾಲಿನ ಕೊನೆಯಲ್ಲಿದ್ದ ಹೆಂಗಸರು ಮಾತು ನಿಲ್ಲಿಸಿ ಕೇಳುತ್ತಾರೆ.

“ಇನ್ನೊಂದು ಸಲ,” ಎನ್ನುತ್ತಾರೆ ದೆರಾಮನ್. ಇನ್ನೊಂದು ಸಲ ಓದುತ್ತಾರೆ, ಮದುವೆಯನ್ನೂ ಸೇರಿಸಿಯೇ.

“ಸರಿಯಾಗಿದೆ.”

ಏಳೂ ಐದು. ದೆರಾಮನ್ ಕಿಟಕಿಯ ಮುಂದೆ ನಿಂತಿದ್ದಾರೆ. ಒಳಗಿದ್ದವರು ಪಾಸನ್ನು ನೋಡುತ್ತಾರೆ, ಚೀಟಿಯನ್ನು ನೋಡುತ್ತಾರೆ, ಮತ್ತೆ ಪಾಸನ್ನು ಹತ್ತಿರ ಹಿಡಿದು ಹುಬ್ಬು ಗಂಟಿಕ್ಕುತ್ತಾರೆ. ಕಾಕ್ ಸೋ ತಮಗೆ ಗೊತ್ತಿಲ್ಲದಂತೆ ಎದ್ದು ನಿಂತಿದ್ದಾರೆ, ಕೈಯಲ್ಲಿ ಖಾಲಿ ಚೀಟಿ, ಮುಚ್ಚಳ ತೆಗೆದ ಪೆನ್ನು. ಕಿಟಕಿಯೊಳಗಿನಿಂದ ಏನೋ ಪ್ರಶ್ನೆ ಬರುತ್ತದೆ. ದೆರಾಮನ್‌ರ ಉತ್ತರ ಇಡೀ ಪ್ಲಾಟ್‌ಫಾರಂಗೆ ಕೇಳಿಸುತ್ತದೆ. “ನಾಲ್ಕು. ಐದಲ್ಲ, ನಾಲ್ಕು. ಮೊಲದ ವರ್ಷ.” ಕಡತದ ಹಾಳೆ ತಿರುಗಿಸುವ ಸದ್ದು. ಆಮೇಲೆ ಮುದ್ರೆ ಬೀಳುವ ಸದ್ದು.

ಪ್ರಸಿತ್ ಹಿತ್ತಾಳೆಯ ಗಂಟೆಯನ್ನು ಮೂರು ಸಲ ಬಾರಿಸುತ್ತಾರೆ. ರೈಲು ಹೊರಡುತ್ತದೆ. ಮೂರನೇ ಡಬ್ಬಿಯ ಕಿಟಕಿಯಲ್ಲಿ ಕರಿಟೋಪಿ ಕಾಣುತ್ತದೆ, ತೊಡೆಯ ಮೇಲಿನ ಬುಟ್ಟಿಯೂ. ಹೋಗುವಾಗ ದೆರಾಮನ್ ಈ ಹಲಗೆಯ ಕಡೆ ತಿರುಗುತ್ತಾರೆ. ಸಲಾಂ ಈ ಸಲ ಅವರಿಂದಲೇ ಮೊದಲು ಬರುತ್ತದೆ. ಕಾಕ್ ಸೋ ಜವಾಬು ಹೇಳುವಷ್ಟರಲ್ಲಿ ಡಬ್ಬಿ ಸೇತುವೆಯ ಮೇಲಿದೆ, ಆದರೂ ಹೇಳುತ್ತಾರೆ.

ನಿಲ್ದಾಣ ಖಾಲಿಯಾದ ಮೇಲೆ, ತಣ್ಣಗಾದ ಚಹಾ ಕುಡಿಯುತ್ತಾ ಕೂತ ಕಾಕ್ ಸೋ ಅವರನ್ನು ನಿಮಗೇನಾದರೂ ಆಗಬೇಕಿದೆಯೇ ಎಂದು ಕೇಳಿದರೆ ಒಂದೊಂದನ್ನೇ ತೂಗಿ ನೋಡುತ್ತಾರೆ. ನೆರಳಿಗೊಂದು ಚಪ್ಪರ ಬೇಕೇ? ಮಳೆಮರ ಇದೆ. ಒಳ್ಳೆಯ ಮೇಜು ಬೇಕೇ? ಸೈಕಲ್ಲಿಗೆ ಕಟ್ಟುವುದು ಹೇಗೆ. ಕೊನೆಗೆ ಪೆನ್ನುಗಳನ್ನು ಚೀಲಕ್ಕೆ ಹಾಕಿಕೊಳ್ಳುತ್ತಾ ಹೇಳುತ್ತಾರೆ.

“ಜಿಲ್ಲಾ ಕಚೇರಿ ಗುಮಾಸ್ತರಿಗೆ ಯಾರಾದ್ರೂ ಒಂದು ಮಾತು ಹೇಳಿ. ಐದು ಬರೆಯುವಾಗ ತಲೆ ಮೇಲಿನ ಕೊಂಕನ್ನ ಬಿಡಿಸಿ ಬರೀರಿ ಅಂತ. ಅಷ್ಟು ಸಾಕು. ಓದೋದು ನಾನು ಓದ್ಕೋತೀನಿ.”